ದಿನಕ್ಕೊಂದು ಸೀರೆ

ಬದಲಾಗದೆ ಇದ್ದದ್ದು ಯಾವುದೂ ಕಣ್ಣಿಗೂ ಕೈಗೂ ತಿಳಿಯದಂತಾದ ಮೇಲೆ ಹುಬ್ಬಳ್ಳಿಯ ಜನ ಆಗಾಗ ಗೋಡೆಯ ಬಣ್ಣ, ಮಂಚದ ಜಾಗ ಬದಲಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಲಕ್ವಾ ಹೊಡೆದು ಮಲಗಿದ ಹೆಂಡತಿ ನೀಲವ್ವ ಎಲ್ಲಿ ಕಾಣದಂತಾಗಿಬಿಡುತ್ತಾಳೋ ಎಂಬ ಭಯಕ್ಕೆ ಗುರುಲಿಂಗಪ್ಪ ದಿನಕ್ಕೊಂದು ಸೀರೆ ಉಡಿಸುತ್ತಿದ್ದ. ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಹಸಿರು. ಒಂದು ವಾರವೂ ತಪ್ಪಿದವನಲ್ಲ.

ಈ ಬುಧವಾರ ಹಸಿರು ಸೀರೆ ಹಿಡಿದು ಬಂದರೆ ಮಂಚ ಬರಿದಾಗಿತ್ತು.

ಗಾಬರಿಬಿದ್ದು, ಅಪರೂಪಕ್ಕೆ ಬರುವ ಪಕ್ಕದ ಮನೆಯ ಶಾಂತಕ್ಕನನ್ನು ಕರೆತಂದ.

“ವೈನಿ ಇಲ್ಲೇ ಅದಾರಲ್ರೀ ಅಣ್ಣಾರ, ನಿಮ್ಮನ್ನ ನೋಡಾಕತ್ತಾರ,” ಎಂದಳು ಅವಳು. ಅವನ ಕೈಯಲ್ಲಿದ್ದ ಸೀರೆ ಕಂಡು ದನಿ ತಗ್ಗಿಸಿದಳು. “ಬುಧವಾರ ಬಂತಂದ್ರ ಹಸಿರು ಅಂತ ನಿಮ್ಮ ಕಣ್ಣಿಗೆ ಮೊದ್ಲೇ ಗೊತ್ತಾಗಿಬಿಟ್ರ, ಅದು ಮತ್ಯಾಕ ನೋಡೀತ್ರೀ?”

ಗುರುಲಿಂಗಪ್ಪ ಮಂಚವನ್ನೆಲ್ಲ ತಡಕಾಡಿದ. ಬೆಚ್ಚಗಿನ ಕೈಯೊಂದು ಸಿಕ್ಕಿತು, ಬಳೆಯೂ ಸಿಕ್ಕಿತು. ಇನ್ನು ಕಳೆದುಕೊಳ್ಳಲಾರೆನೆಂದು ಗಟ್ಟಿಯಾಗಿ ಹಿಡಿದು ಕೂತ. ಅಲುಗದ ಆ ಹಿಡಿತದಲ್ಲಿ ಮೊದಲು ಬಳೆ ಹೋಯಿತು, ಆಮೇಲೆ ಬಿಸುಪು.

“ಬಿಡ್ರೀ ಅಣ್ಣಾರ! ಬಿಟ್ಟು ಮತ್ತ ಹಿಡೀರಿ!” ಎಂದು ಶಾಂತಕ್ಕ ಕೂಗಿದಳು.

ಅವನ ಮುಷ್ಟಿಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಬಿಡಲು ಅವನಿಗೆ ಧೈರ್ಯ ಬರಲಿಲ್ಲ.