ಕಡಜ ಕಚ್ಚಿದ ಮಧ್ಯಾಹ್ನ

ಈಗಲೂ ಸ್ಪಿರಿಟ್ ಅದ್ದಿದ ಹತ್ತಿಯ ವಾಸನೆ ಮೂಗಿಗೆ ಬಡಿದರೆ ನಮ್ಮೂರು ಕೈಲಾಂಚದ ಆ ಮಧ್ಯಾಹ್ನ ನೆನಪಾಗುತ್ತದೆ.

ರೇಷ್ಮೆಹುಳುಗಳು ಗೂಡು ಕಟ್ಟುವ ಮುಂಚಿನ ವಾರ ಅದು. ಎಷ್ಟು ಸೊಪ್ಪು ಹಾಕಿದರೂ ಅವಕ್ಕೆ ಸಾಲದು. ಅವ್ವ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಾಗ ಅವಳ ಕುತ್ತಿಗೆಗೆ ಕಡಜ ಕಚ್ಚಿತು. ಅಜ್ಜಿ ಸುಣ್ಣ ಹಚ್ಚಿ, "ಒಸಿ ಉರೀತದೆ, ಆಮೇಲೆ ಹೋಯ್ತದೆ" ಎಂದಳು. ಅವ್ವ ಮತ್ತೆ ಕುಡುಗೋಲು ಹಿಡಿದಳು.

ಸ್ವಲ್ಪ ಹೊತ್ತಿಗೇ ಅವಳ ಮೈಯೆಲ್ಲ ಕೆಂಪು ದದ್ದು ಎದ್ದು, ತುಟಿ ಊದಿಕೊಂಡಿತು.

"ಗಂಟ್ಲು ಕಟ್ತಾ ಐತೆ ಕಣತ್ತೆ" ಎಂದ ಅವ್ವನ ದನಿ ಅವಳದಾಗಿರಲಿಲ್ಲ. ಉಸಿರು ಸಿಳ್ಳೆ ಹಾಕುತ್ತಿತ್ತು.

"ಗಾಡಿ ತಗಿಯೋ ಬೇಗ! ಇದು ಸುಣ್ಣಕ್ಕೆ ಹೋಗೋದಲ್ಲ" ಎಂದು ಅಜ್ಜಿ ಅಪ್ಪನನ್ನು ಕೂಗಿದಳು. ಬೈಕಿನ ಮೇಲೆ ನಾನು ಅಪ್ಪನ ಮುಂದೆ ಕೂತೆ. ಹಿಂದೆ ಅಜ್ಜಿ, ಜೋತುಬೀಳುತ್ತಿದ್ದ ಅವ್ವನನ್ನು ತಬ್ಬಿ ಹಿಡಿದಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಅವ್ವನ ಮುಖ ನೋಡಿದ್ದೇ ತೊಡೆಗೆ ಇಂಜೆಕ್ಷನ್ ಚುಚ್ಚಿ, ಆಕ್ಸಿಜನ್ ಹಾಕಿಸಿದರು. ನಿಧಾನಕ್ಕೆ ಸಿಳ್ಳೆ ನಿಂತಿತು.

"ಇದು ತಿರುಗಿ ಬರಬಹುದು, ನಾಳೆವರೆಗೆ ಇಲ್ಲೇ ಇರಲಿ. ಇನ್ನೊಂದು ಸಲ ಕಚ್ಚಿದರೆ ಒಂದು ಗಳಿಗೆನೂ ಕಾಯಬೇಡಿ" ಎಂದರು.

ಅವ್ವ ಏಳಲು ಹೋದಳು. "ಹುಳಕ್ಕೆ ಸೊಪ್ಪು ಹಾಕ್ಬೇಕು..."

"ನಾನ್ ಹಾಕ್ತೀನಿ, ನೀನು ಮನಿಕೊ ಕಣವ್ವ" ಎಂದು ಅಜ್ಜಿ ಅವಳ ಭುಜ ಒತ್ತಿದಳು.

ಅವ್ವ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.