ಸಿಂಹನಗು

ಮೂರನೇ ಸಲ ಸಿಂಹನಗು ನಕ್ಕಾಗ ಚಕ್ರಪಾಣಿಯವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಟ್ಟಿತು. ಕಿವಿಯ ಹತ್ತಿರ ‘ಟಕ್’ ಎಂದಿತು, ಅಷ್ಟೆ. ಜಯನಗರದ ಪಾರ್ಕಿನಲ್ಲಿ ನಗೆಕೂಟದ ಉಳಿದ ಹದಿನೇಳು ಜನ ಸುತ್ತಲೂ ನಿಂತು, ನಾಲಿಗೆ ಹೊರಚಾಚಿ, ಕೈಬೆರಳನ್ನು ಪಂಜದಂತೆ ಮಾಡಿ ಗಹಗಹಿಸುತ್ತಿದ್ದರು. ಸೀಟಿ ಊದಿದ ಕೂಡಲೇ ಎಲ್ಲರ ಬಾಯಿ ಮುಚ್ಚಿತು. ಇವರದು ಮುಚ್ಚಲಿಲ್ಲ.

“ನೋಡ್ರಪ್ಪಾ, ನಗು ಅಂದ್ರೆ ಇದು,” ಎಂದರು ಕೂಟದ ಮುಂದಾಳು ಪರಮಶಿವಯ್ಯ, ನಿವೃತ್ತ ಕಣ್ಣಿನ ಡಾಕ್ಟರು. “ಎಪ್ಪತ್ತೊಂದಕ್ಕೆ ಎಂಥಾ ಸ್ಟ್ಯಾಮಿನಾ. ಎಲ್ಲಾರೂ ಚಕ್ರಪಾಣಿ ಜೊತೆ ಇನ್ನೊಂದು ರೌಂಡು.”

ಹದಿನೇಳು ಜನ ಮತ್ತೆ ನಕ್ಕರು. ಚಕ್ರಪಾಣಿ ಬೇಡ ಬೇಡ ಎಂದು ಕೈ ಬೀಸಿದರು, ಅವರೂ ಬೀಸಿದರು. ಗಂಟಲಿನಿಂದ “ಆ... ಆ...” ಎಂದು ಕೂಗಿದರು, ಅವರೂ ಕೂಗಿದರು. ನೋವಿಗೆ ಕಣ್ಣಲ್ಲಿ ನೀರು ಇಳಿಯಿತು. ಹೆಂಗಸರ ಸಾಲಿನಲ್ಲಿದ್ದ ಹೆಂಡತಿ ವಾರಿಜಾ, “ಮನೇಲಿ ಒಂದಿನಾನೂ ಹೀಗೆ ನಕ್ಕಿಲ್ಲ ಕಣ್ರೀ,” ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿದರು. ಗದ್ದದ ಮೇಲೆ ಜೊಲ್ಲು ಇಳಿದಾಗ ಯಾರೋ ಚಪ್ಪಾಳೆ ತಟ್ಟಿದರು.

ಇದ್ಯಾಕೋ ಸರಿಯಿಲ್ಲ ಅನ್ನಿಸಿದ್ದು ಪಾರ್ಕು ಗುಡಿಸುವ ಮುನಿವೆಂಕಟಮ್ಮನಿಗೆ ಮಾತ್ರ. ಪೊರಕೆ ಕೆಳಗಿಟ್ಟು ಬಂದಳು. “ಆವಯ್ಯ ನಗ್ತಾ ಇಲ್ಲ ಕಣ್ರಪ್ಪೋ. ದವಡೆ ಬಿಟ್ಟೋಗದೆ. ಒಸಿ ನಿಲ್ಲಿಸ್ರಿ ನಿಮ್ ನಗಾನ.”

ನಗು ಒಬ್ಬೊಬ್ಬರದಾಗಿ ಆರಿತು. ಚಕ್ರಪಾಣಿಯವರನ್ನು ಬೆಂಚಿನ ಮೇಲೆ ಕೂರಿಸಿದರು. ಪರಮಶಿವಯ್ಯ ಅವರ ಎರಡೂ ಕಿವಿಯ ಮುಂದೆ ಬೆರಳೊತ್ತಿ ನೋಡಿದರು. “ಹೌದು, ಗುಳಿ ಬಿದ್ದಿದೆ. ಕೆಳದವಡೆಯ ಕೀಲು ಎರಡೂ ಕಡೆ ಗೂಡು ಬಿಟ್ಟು ಮುಂದಕ್ಕೆ ಜಾರಿದೆ. ತಡ ಆದಷ್ಟೂ ಅಗಿಯೋ ಸ್ನಾಯು ಬಿಗಿದು ಹಿಡ್ಕೊಂಡ್ಬಿಡುತ್ತೆ. ಆಮೇಲೆ ಅನಸ್ತೇಶಿಯಾ ಕೊಟ್ಟೇ ಕೂರಿಸ್ಬೇಕು.”

“ಅನಸ್ತೇಶಿಯಾ ಕೂಡದು,” ಎಂದರು ವಾರಿಜಾ. ಅವರ ದನಿ ಒಡೆದಿತ್ತು. “ಇವರ ಹಾರ್ಟು ತಡ್ಕೊಳಲ್ಲ ಅಂತ ಹೋದ ತಿಂಗಳಷ್ಟೇ ಹೇಳಿದಾರೆ. ನೀವೇ ಕೂರಿಸಿ ಡಾಕ್ಟ್ರೇ.”

“ನಾನಾ? ನಲವತ್ತು ವರ್ಷ ನಾನು ಮೂಗಿಂದ ಕೆಳಗೆ ಇಳಿದೋನೇ ಅಲ್ಲಮ್ಮಾ. ಈಗಂತೂ ಈ ಕೈಲಿ ಕಾಫಿ ಲೋಟಾನೇ ನಿಲ್ಲಲ್ಲ.”

ಆಟೋ ಹುಡುಕಿದರು. ಫೋನು ಹದಿನಾಲ್ಕು ನಿಮಿಷ ಎಂದಿತು, ನೋಡುತ್ತಿದ್ದಂತೆಯೇ ಇಪ್ಪತ್ತೆರಡು ಎಂದಿತು.

“ನಾನ್ ಕೂರಿಸ್ತೀನಿ,” ಎಂದಳು ಮುನಿವೆಂಕಟಮ್ಮ. “ನಮ್ಮನೆಯವನು ಆಕಳಿಸಿದ್ರೆ ಸಾಕು, ಬಿಟ್ಟೋಗೋದು. ವಾರಕ್ಕೆರಡು ಸಲ ಆಸ್ಪತ್ರೆ. ಅಲ್ಲಿನ ಡಾಕ್ಟ್ರು ಬೇಜಾರಾಗಿ, ನೀನೇ ಕಲ್ತ್ಕೊಂಬುಡಮ್ಮ ತಾಯಿ, ಈ ಕಡೆ ಬರಬೇಡ ಅಂತ ಹೇಳ್ಕೊಟ್ರು.”

ಎಲ್ಲರೂ ನೋಡಿದ್ದು ಅವಳ ಕೈಯನ್ನು. ಆಮೇಲೆ ಚಕ್ರಪಾಣಿಯವರ ಬಾಯನ್ನು. ಎಂಜಲಿನ ವಿಷಯದಲ್ಲಿ ಆ ಮನುಷ್ಯ ಎಂಥವರು ಅಂತ ಕೂಟಕ್ಕೆಲ್ಲ ಗೊತ್ತಿತ್ತು. ಯಾರದೋ ಹುಟ್ಟಿದಹಬ್ಬದ ಪಾಯಸಕ್ಕೂ ಮನೆಯಿಂದ ಚಮಚ ತರುವವರು. ಹೆತ್ತ ಮಗಳು ಊದಿ ಆರಿಸಿದ ಕಾಫಿಯನ್ನು ಸಿಂಕಿಗೆ ಸುರಿದವರು.

“ಗ್ಲೌಸ್ ಇಲ್ವೇನಮ್ಮಾ?” ಎಂದರು ವಾರಿಜಾ, ಮೆಲ್ಲಗೆ.

“ಯುಗಾದೀಲಿ ಕೊಟ್ಟಿದ್ರು, ಹರಿದೋಯ್ತು. ಸೋಪ್ ಹಾಕಿ ತೊಳ್ಕೊಂಡೇ ಬತ್ತೀನಿ ಅಮ್ಮಾವ್ರೇ. ಆದ್ರೆ ಸಾಮೇರು ಊಂ ಅನ್ಬೇಕು. ನಾಳೆ ನನ್ ಮ್ಯಾಲೆ ಕಂಪ್ಲೇಂಟ್ ಆಗಬಾರದು.”

ತೊಳೆದು ಬಂದು ಎದುರು ನಿಂತಳು. “ಏನ್ ಸಾಮಿ, ಕೈ ಹಾಕ್ಲಾ?”

ಚಕ್ರಪಾಣಿಗೆ ಉಗುಳು ನುಂಗಲೂ ಆಗುತ್ತಿರಲಿಲ್ಲ. ದವಡೆಯಿಂದ ಎದ್ದ ನೋವು ನೆತ್ತಿಯವರೆಗೂ ಜಗ್ಗುತ್ತಿತ್ತು. ತಮ್ಮ ಸುತ್ತ ನಿಂತ ಹದಿನೇಳು ಮುಖಗಳನ್ನು ನೋಡಿದರು. ಎಲ್ಲವೂ ಇದೀಗ ತಾನೇ ನಕ್ಕ ಮುಖಗಳು. ಅವಳತ್ತ ತಿರುಗಿ ಜೋರಾಗಿ ತಲೆಯಾಡಿಸಿದರು.

“ಹಲ್ಲು ಸ್ವಂತದ್ದಾ, ಕಟ್ಸಿದ್ದಾ?”

“ಸ್ವಂತದ್ದೇ,” ಎಂದರು ವಾರಿಜಾ.

“ಹಂಗಾರೆ ಕಚ್ಚಿಬಿಡ್ತಾರೆ. ದಪ್ಪನೆ ಬಟ್ಟೆ ಕೊಡಿ.”

ಎರಡು ಕರ್ಚೀಫು ಹೆಬ್ಬೆರಳಿಗೆ ಸುತ್ತಿಕೊಂಡು, ಅವರ ತಲೆಯನ್ನು ಹಿಂದಿನ ಮರಕ್ಕೆ ಆನಿಸಿ, ಎರಡೂ ಹೆಬ್ಬೆರಳನ್ನು ಕೊನೆಯ ಅಗಿಯುವ ಹಲ್ಲುಗಳ ಮೇಲಿಟ್ಟು ಕೆಳಕ್ಕೆ ಒತ್ತಿದಳು. ಆಗಲಿಲ್ಲ. “ಬಿಗಿ ಹಿಡೀಬ್ಯಾಡಿ ಸಾಮಿ. ನಿಮ್ ಬಾಯಿ ನಾನೇನ್ ಕಿತ್ಕೊಂಡ್ ಹೋಗಲ್ಲ. ಸಡಿಲ ಬಿಡಿ. ಮಗೀನಂಗೆ.” ಚಕ್ರಪಾಣಿ ಕಣ್ಣು ಮುಚ್ಚಿದರು. ಹೆಗಲು ಇಳಿಯಿತು. ಅವಳು ಮತ್ತೆ ಕೆಳಕ್ಕೆ ಒತ್ತಿ, ಹಾಗೇ ಹಿಂದಕ್ಕೆ ತಳ್ಳಿದಳು. ‘ಕಳಕ್’ ಎಂದಿತು. ಹಲ್ಲುಗಳು ಅವಳ ಹೆಬ್ಬೆರಳಿನ ಮೇಲೆ ಬಂದು ಬಿದ್ದವು.

“ಅವ್ವಾ,” ಎಂದು ಬೆರಳು ಹೊರಗೆಳೆದುಕೊಂಡಳು. “ಕೂತ್ಕೊಂಡ್ತು. ಎರಡು ದಿನ ಮಾತು ಬ್ಯಾಡ, ಗಂಜಿ ಕುಡೀರಿ. ಆಕಳಿಕೆ ಬಂದ್ರೆ ಗದ್ದಕ್ಕೆ ಕೈ ಕೊಡಿ.”

“ಅದನ್ನೇ ನಾನೂ ಹೇಳೋಣ ಅಂತಿದ್ದೆ,” ಎಂದರು ಪರಮಶಿವಯ್ಯ.

ವಾರಿಜಾ ಕಣ್ಣೊರೆಸಿಕೊಂಡು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದರು. “ರೀ, ಮೊದ್ಲು ಬಾಯಿ ಮುಕ್ಕಳಿಸಿಬಿಡಿ.”

ಚಕ್ರಪಾಣಿ ಬಾಟಲಿ ತೆಗೆದುಕೊಂಡರು. ಮುನಿವೆಂಕಟಮ್ಮ ಮಣಿಕಟ್ಟಿನವರೆಗೂ ಅವರ ಜೊಲ್ಲು ಮೆತ್ತಿದ್ದ ಕೈಗಳನ್ನು ಸೀರೆಗೆ ತಾಗದಂತೆ ದೂರ ಹಿಡಿದು ನಲ್ಲಿಯ ಕಡೆ ಹೊರಟಿದ್ದಳು. ಅವರು ಎದ್ದು, ಒಂದು ಕೈಯಲ್ಲಿ ಗದ್ದ ಹಿಡಿದುಕೊಂಡೇ ಅವಳಿಗೆ ಅಡ್ಡ ಬಂದು ಬಾಟಲಿ ಬಗ್ಗಿಸಿದರು. ಅವಳು ಕೈ ಹಿಂದಕ್ಕೆಳೆದುಕೊಂಡಳು. ನೀರು ನೆಲಕ್ಕೆ ಹೋಗುತ್ತಿದ್ದರೂ ಅವರು ಬಾಟಲಿ ನೆಟ್ಟಗೆ ಮಾಡಲಿಲ್ಲ. ಕೊನೆಗೆ ಅವಳೇ ಎರಡೂ ಕೈ ಒಡ್ಡಿದಳು.

ಬೆರಳುಗಳೆಲ್ಲ ಶುದ್ಧವಾಗುವ ಹೊತ್ತಿಗೆ ಬಾಟಲಿ ಖಾಲಿಯಾಗಿತ್ತು. ಬಾಯಿ ಮುಕ್ಕಳಿಸಲು ಒಂದು ಗುಟುಕೂ ಉಳಿದಿರಲಿಲ್ಲ.