ಕರಾರಿನ ಗುಟುಕು

ಕರಾರನ್ನು ಕಾಗದದ ಮೇಲೆ ಬರೆಯುತ್ತಿದ್ದ ಕಾಲವನ್ನು ವಕೀಲೆ ಸರ್ವಮಂಗಳಾ ಕಂಡವಳಲ್ಲ. ಈಗ ಷರತ್ತುಗಳನ್ನೆಲ್ಲ ವೈನಿನಲ್ಲೇ ಇಳಿಸುತ್ತಾರೆ. ಒಬ್ಬರಿಗೆ ಒಂದೇ ಗುಟುಕು. ನುಂಗಿದರೆ ಒಪ್ಪಿದಂತೆ, ಉಗುಳಿದರೆ ಒಲ್ಲೆನೆಂದಂತೆ. ನುಂಗಿ ಮಾತು ತಪ್ಪಿದವನನ್ನು ಅವನ ಹೊಟ್ಟೆಯೇ ವಿಚಾರಿಸಿಕೊಳ್ಳುತ್ತದೆ.

ತಿಕೋಟಾದ ಬಸಲಿಂಗಪ್ಪನ ವೈನರಿಯನ್ನು ಇವತ್ತು ಕೊಳ್ಳಲಿದ್ದವನು ಅವಳದೇ ಕಕ್ಷಿದಾರ, ದೊಡ್ಡ ಕಂಪನಿಯೊಂದರ ಚೇರ್ಮನ್ ಉದಯಶಂಕರ್. ವೈನರಿ ಕೈಬಿಟ್ಟ ಮೇಲೆ ಬಸಲಿಂಗಪ್ಪ ತನ್ನ ಹೆಸರಿನಲ್ಲಿ ಒಂದು ಬಾಟಲಿಯನ್ನೂ ಮಾರಕೂಡದೆಂಬ ಷರತ್ತನ್ನು ಹಟ ಹಿಡಿದು ಸೇರಿಸಿದವನೂ ಅವನೇ. ದ್ರಾಕ್ಷಿಗೂ ನೇರಳೆಗೂ ವ್ಯತ್ಯಾಸ ತಿಳಿಯದ ಆಸಾಮಿ, ಪ್ಯಾರಿಸ್ಸಿನಲ್ಲಿ ಒಂದು ವಾರ ತರಬೇತಿ ಪಡೆದು ಬಂದು ವೈನ್ ಪಂಡಿತನಾಗಿಬಿಟ್ಟಿದ್ದ.

“ಸರ್, ನುಂಗಬೇಕು, ನೆನಪಿರಲಿ,” ಎಂದಳು ಸರ್ವಮಂಗಳಾ.

“ವೈನ್ ಕುಡಿಯೋದನ್ನ ನೀವು ನನಗೆ ಹೇಳ್ಕೊಡ್ತೀರಾ?”

ಕಂಪನಿಯ ಸಭಾಂಗಣದಲ್ಲಿ, ಕ್ಯಾಮೆರಾಗಳ ಮುಂದೆ, ಅವನು ಗ್ಲಾಸು ತಿರುಗಿಸಿದ, ಅದರೊಳಗೆ ಮೂಗು ತೂರಿಸಿದ, ಕಣ್ಣು ಮುಚ್ಚಿ ಬಾಯಿ ಮುಕ್ಕಳಿಸಿದ. ಆಮೇಲೆ ತರಬೇತಿಯಲ್ಲಿ ಕಲಿತಂತೆಯೇ, ಪಕ್ಕದ ಬೆಳ್ಳಿ ಬಕೆಟ್ಟಿಗೆ ಠೀವಿಯಿಂದ ಉಗುಳಿದ.

ಬಸಲಿಂಗಪ್ಪ ತುಟಿಯವರೆಗೆ ಒಯ್ದಿದ್ದ ಗ್ಲಾಸನ್ನು ಕೆಳಗಿಟ್ಟ. “ಸಾಹೇಬ್ರು ಒಲ್ಲೆ ಅಂದ್ರಲ್ರೀ. ಛಲೋ ಆತು, ನಾ ಬರ್ತೇನ್ರಿ,” ಎಂದು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟೇಬಿಟ್ಟ.

“ಏಯ್, ಇನ್ನೊಂದು ಗ್ಲಾಸ್ ಹಾಕ್ರೀ! ನುಂಗ್ತೀನಿ!” ಚೇರ್ಮನ್ ಕಿರುಚಿದ.

ಸರ್ವಮಂಗಳಾ ಬಕೆಟ್ಟನ್ನು ಕಾಲಿನಿಂದ ಅವನತ್ತ ತಳ್ಳಿದಳು.

“ನಿಮ್ಮ ಪಾಲಿನ ಗುಟುಕು ಇದರಲ್ಲಿದೆ ಸರ್. ನುಂಗಿ.”